ಎಲ್ಲ ಕಡೆಗೂ ಒಗ್ಗುವ ಪದ

ಸಂಜೆಪಾಠದ ಇಂಗ್ಲಿಷ್ ಮೇಷ್ಟ್ರು ಬೇರೆಯವರಂತೆ ಮಕ್ಕಳ ತಲೆಗೆ ಸಾವಿರ ಪದ ತುರುಕುವವರಲ್ಲ. ಆರಿಸಿ, ಸೋಸಿ, ಇಪ್ಪತ್ತೇ ಇಪ್ಪತ್ತು ಕೊಡುತ್ತಿದ್ದರು. ಅಂಗಡಿ, ಆಫೀಸು, ಆಸ್ಪತ್ರೆ ಮೂರೂ ಕಡೆ ಒಗ್ಗಿದರೆ ಮಾತ್ರ ಆ ಪದಕ್ಕೆ ಕರಿಹಲಗೆಯ ಮೇಲೆ ಜಾಗ. 'ಪೇನ್' ಎಂಬ ಬಡಪಾಯಿ ಈ ಪರೀಕ್ಷೆಯಲ್ಲಿ ನಪಾಸಾಗಿ, 'ಡಿಸ್‌ಕಂಫರ್ಟ್' ಪಟ್ಟಕ್ಕೇರಿತ್ತು. ಕುರ್ಚಿ ಒತ್ತಿದರೂ ಅದೇ, ಸಾಹೇಬರು ಗದರಿದರೂ ಅದೇ, ಹೊಟ್ಟೆ ಕೆಟ್ಟರೂ ಅದೇ.

"ಇಪ್ಪತ್ತು ಪದದಲ್ಲಿ ಇಷ್ಟು ವರ್ಷ ತಳ್ಳಿದೀಯಲ್ಲೋ, ನಿನ್ನ ಮೆಚ್ಚಬೇಕು," ಎಂದು ಅವರನ್ನು ಸಾಕಿ ಬೆಳೆಸಿದ ಅಕ್ಕ ಹೊಲಿಗೆ ಮಿಷನ್ ತುಳಿಯುತ್ತಲೇ ಛೇಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಮಿಷನ್ ನಿಂತಿತು. ಅಕ್ಕ ಬೆವೆತುಹೋಗಿದ್ದಳು. "ಎದೆ ಮೇಲೆ ಕಲ್ಲು ಹೇರಿದ ಹಾಗಿದೆ ಕಣೋ. ಎಡಗೈಯೆಲ್ಲ ಜೋಮು."

ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಓಡಿದರು. ಅಲ್ಲಿ ಅಪಘಾತದವರ ರಕ್ತ, ಕೂಗಾಟ. ಇದ್ದ ಒಬ್ಬನೇ ಎಳೆಯ ಡಾಕ್ಟರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು.

"ಏನಾಗಿದೆ ಅಂತ ನನಗೆ ಹೇಳಿ ಸಾರ್, ಡಾಕ್ಟರಿಗೆ ನಾನು ಹೇಳ್ತೀನಿ," ಎಂದಳು ನರ್ಸು.

ಮೇಷ್ಟ್ರ ಮುಖ ಸಿಂಡರಿಸಿತು. "ಬೇಡಮ್ಮಾ. ನಾನು ಇಂಗ್ಲಿಷ್ ಮೇಷ್ಟ್ರು."

ಗಂಟಲು ಸರಿಮಾಡಿಕೊಂಡು, ಒಂದೂ ತಪ್ಪಿಲ್ಲದ ವಾಕ್ಯದಲ್ಲಿ, ಅಕ್ಕನಿಗೆ ಊಟವಾದ ಮೇಲೆ ಸ್ವಲ್ಪ ಡಿಸ್‌ಕಂಫರ್ಟ್ ಎಂದರು. ಎಲ್ಲಿ ಎಂದು ಡಾಕ್ಟರು ಕೇಳಿದ್ದಕ್ಕೆ 'ಓವರಾಲ್' ಎಂದರು. ಅದೂ ಇಪ್ಪತ್ತರಲ್ಲಿ ಒಂದು. ಡಾಕ್ಟರು ಬೆಂಚು ತೋರಿಸಿ, ರಕ್ತ ಸುರಿಯುತ್ತಿದ್ದವನ ಕಡೆ ತಿರುಗಿದ.

"ಕಲ್ಲಿನ ಹಾಗಿದೆ ಅಂತ ಹೇಳಿದ್ಯೇನೋ?" ಅಕ್ಕ ಏದುಸಿರಿನಲ್ಲಿ ಕೇಳಿದಳು.

"ಹೇಳಿದೆ ಅಕ್ಕಾ. ಅದರಲ್ಲೇ ಎಲ್ಲಾ ಬರತ್ತೆ."

ಸ್ವಲ್ಪ ಹೊತ್ತಿಗೆ ಅಕ್ಕನ ತಲೆ ತಮ್ಮನ ಭುಜಕ್ಕೆ ಒರಗಿತು. ಸದ್ಯ, ನಿದ್ದೆ ಹತ್ತಿತು ಎಂದುಕೊಂಡ ಮೇಷ್ಟ್ರು ಎಲ್ಲಿ ಎಚ್ಚರವಾಗುತ್ತದೋ ಎಂದು ಕೆಮ್ಮನ್ನೂ ತಡೆದುಕೊಂಡು ಕುಳಿತರು.

ಆ ದಾರಿಯಲ್ಲಿ ಬಂದ ನರ್ಸು ಅಕ್ಕನ ಕೈ ಮುಟ್ಟಿ ನೋಡಿ ಕಿರುಚಿದಳು. ಡಾಕ್ಟರು ಓಡಿಬಂದ. ಅಕ್ಕನನ್ನು ನೆಲಕ್ಕೇ ಮಲಗಿಸಿ, ಎದೆ ಒತ್ತುತ್ತ ಒತ್ತುತ್ತ ಮೇಷ್ಟ್ರತ್ತ ನೋಡಿ ಏನೋ ಕೂಗಿದ. ಅವರು ನರ್ಸಿನತ್ತ ತಿರುಗಿದರು.

"ಎದೆ ನೋವಿತ್ತಾ ಅಂತ ಕೇಳ್ತಿದಾರೆ, ಸಾರ್," ಎಂದಳು ನರ್ಸು.

"ಇತ್ತಮ್ಮಾ," ಎಂದರು ಮೇಷ್ಟ್ರು. "ತುಂಬಾ ಇತ್ತು. ಹೇಳಮ್ಮಾ ಅವರಿಗೆ, ಬೇಗ ಹೇಳು."

ಅವಳು ಹೇಳಿದಳು. ಡಾಕ್ಟರು ಇನ್ನಷ್ಟು ಹೊತ್ತು ಒತ್ತಿ, ಕೈ ತೆಗೆದ.