ಹೆಲನ್ ಮನೆಯ ಹುಲ್ಲು

ಹೆಲನ್ ಟೀಚರ್ ಮಾಡುವ ಜೆಲ್ಲಿ ಅಲುಗಾಡುವುದಿಲ್ಲ. ಬೇರೆಯವರ ಮನೆಯ ಜೆಲ್ಲಿ ತಟ್ಟೆ ಮುಟ್ಟಿದರೆ ಸಾಕು, ನಗು ತಡೆಯಲಾರದವರ ಹೊಟ್ಟೆಯ ಹಾಗೆ ಕುಲುಕುತ್ತದೆ. ಹೆಲನ್‌ಳದ್ದು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತವರ ಹಾಗೆ ನೆಟ್ಟಗಿರುತ್ತದೆ. ಕೆಳಗೆ ಕೆಂಪು, ಮೇಲೆ ಹಾಲಿನ ಬಿಳಿ, ಆಮೇಲೆ ಹಸಿರು, ಮತ್ತೆ ಬಿಳಿ, ಕೊನೆಗೆ ಹಳದಿ. ಹಳದಿಯೊಳಗೆ ಥಿಕಾ ಕಡೆಯ ತೋಟಗಳಿಂದ ಬಂದ ತಾಜಾ ಅನಾನಸಿನ ಚೂರುಗಳು. ಓವನ್ ಬೇಡ. ಕುದಿಸಿ ಕರಗಿಸಿ ಸುರಿದರೆ ಆಯಿತು. ಅವಳಿರುವ ನ್ಗಾರಾ ಬಡಾವಣೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ಸತ್ತು ಕೂತರೂ ಅಡುಗೆಕಟ್ಟೆಯ ಮೇಲೇ ಗಟ್ಟಿಯಾಗಿಬಿಡುತ್ತದೆ.

"ಮಮ್ಮಿ, ಇದು ಜೆಲ್ಲಿ ಅಲ್ಲ, ಬಾತ್‌ರೂಮ್ ಟೈಲ್ಸ್" ಎಂದು ಮಗ ಡೆಂಜಿಲ್ ಚಡ್ಡಿ ಹಾಕುತ್ತಿದ್ದ ಕಾಲದಿಂದ ಹೇಳುತ್ತಲೇ ಬಂದಿದ್ದಾನೆ. ಈಗ ಅವನ ಮಗಳು ಜೆನಿಫರ್ ಕೂಡ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ತೀರಿಹೋದ ಗಂಡ ಲಾರೆನ್ಸ್ ಹೇಳುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಎರಡು ತುಂಡು ತಿನ್ನುತ್ತಿದ್ದ, ಅಂಗಡಿಗೆ ಹೋದಾಗ ಜೆಲ್ಲಿ ಪೊಟ್ಟಣಗಳತ್ತ ಆಸೆಯಿಂದ ನೋಡುತ್ತಿದ್ದ.

ಒಂದು ಇಡೀ ಮನೆ ಹೀಗೆ ತನಗೆ ಒಗ್ಗದ ಜೆಲ್ಲಿಯನ್ನು ವರ್ಷಗಟ್ಟಲೆ ತಿಂದದ್ದು ಒಬ್ಬಳಿಗಾಗಿ. ಅವಳು ಸುಮತಿ.

ಇಬ್ಬರೂ ಆಗ ಈ ಪರದೇಶದಲ್ಲಿ, ನ್ಗಾರಾದ ಒಂದೇ ಕಟ್ಟಡದಲ್ಲಿ, ಒಂದೇ ಉದ್ದ ವರಾಂಡದ ಎದುರು ಬದುರು ಬಾಗಿಲುಗಳಲ್ಲಿ ಇದ್ದವರು. ಹೆಲನ್ ಕಿನ್ನಿಗೋಳಿ ಕಡೆಯವಳು, ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಸುಮತಿ ಮೈಸೂರಿನವಳು, ಡಾಕ್ಟರ್ ಮಹಾಬಲೇಶ್ವರರ ಹೆಂಡತಿ, ಕಾಲೇಜಿನಲ್ಲಿ ಲೆಕ್ಚರರ್. ಡೆಂಜಿಲ್‌ನ ಮೊದಲ ಪರಮಪ್ರಸಾದದ ಹಬ್ಬಕ್ಕೆ, ಅಂದರೆ ಚರ್ಚಿನಲ್ಲಿ ಅವನು ಮೊದಲ ಸಲ ಪ್ರಸಾದ ಪಡೆದ ದಿನ, ಹೆಲನ್ ಬಣ್ಣದ ಜೆಲ್ಲಿ ಮಾಡಿದ್ದಳು. ಸುಮತಿಯ ಮಗಳು ಶರ್ಮಿಳಾ, ಇನ್ನೂ ಸರಿಯಾಗಿ ಮಾತು ಬಾರದ ಮಗು, ಬಾಗಿಲಲ್ಲಿ ನಿಂತು ಅದು ಬೇಕೆಂದು ಅತ್ತಿತು. ಸುಮತಿ ಮುಖ ಸಣ್ಣದು ಮಾಡಿಕೊಂಡು ಮಗುವನ್ನು ಎತ್ತಿಕೊಂಡು ಹೋದಳು. "ಜೆಲ್ಲಿಗೆ ಹಾಕೋ ಜೆಲಟಿನ್ ಎಲುಬಿಂದು ಹೆಲನ್. ನಮ್ಮನೇಲಿ ಆಗಲ್ಲ. ತಪ್ಪು ತಿಳ್ಕೋಬೇಡ."

ಮರುದಿನವೇ ಹೆಲನ್ ಅಂಗಡಿಗೆ ಹೋಗಿ ಚೈನಾ ಗ್ರಾಸ್ ತಂದಳು. ಒಣಗಿದ ನೂಡಲ್ಸಿನಂತಿರುವ ಬಿಳಿ ಎಳೆಗಳು. ಕಡಲಿನ ಪಾಚಿಯಿಂದ ಬರುವಂಥದ್ದು, ಪ್ರಾಣಿಯದ್ದು ಏನೂ ಇಲ್ಲ. ನೆನೆಹಾಕಿ, ಕುದಿಸಿ, ಬಣ್ಣ ಹಾಕಿ, ಎದುರು ಮನೆಗೆ ಒಯ್ದಳು.

"ಇದರಲ್ಲಿ ಎಲುಬಿಲ್ಲ ಮಾರಾಯ್ತಿ. ಚೈನಾ ಗ್ರಾಸ್."

"ಗ್ರಾಸಾ? ಹುಲ್ಲು ತಂದಿದ್ದೀಯಾ? ನನ್ನ ನೋಡಿದ್ರೆ ಹಸು ಥರ ಕಾಣುತ್ತೇನೇ?"

ಅಂದಿನಿಂದ ಅದರ ಹೆಸರು ಹುಲ್ಲು. ಹಬ್ಬ ಬಂತೆಂದರೆ ಸುಮತಿ ವರಾಂಡದಿಂದಲೇ ಕೂಗುತ್ತಿದ್ದಳು: "ಹೆಲನ್, ಹುಲ್ಲು ಹಾಕಿದ್ಯೇನೇ?" ಇವಳು ಒಳಗಿನಿಂದ: "ಬಾ, ಕೊಟ್ಟಿಗೆ ತೆರೆದುಂಟು." ಹುಟ್ಟಿದ ಹಬ್ಬ, ದೀಪಾವಳಿ, ಹೊಸ ತೆನೆಯ ಮೊಂತಿ ಹಬ್ಬ, ಮಕ್ಕಳು ಪಾಸಾದದ್ದು, ಡಾಕ್ಟರಿಗೆ ಪ್ರಮೋಷನ್ ಆದದ್ದು, ಎಲ್ಲದಕ್ಕೂ ಹುಲ್ಲೇ.

ಮೊದಮೊದಲು ಸುಮತಿ ತನ್ನದೇ ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಹಿಡಿದುಕೊಂಡು ಬರುತ್ತಿದ್ದಳು. "ಅಭ್ಯಾಸ ಕಣೇ" ಅನ್ನುತ್ತಿದ್ದಳು. ಹೆಲನ್ ಆ ತಟ್ಟೆಗೇ ಹಾಕಿಕೊಡುತ್ತಿದ್ದಳು. ಅಂದುಕೊಳ್ಳುವುದೆಲ್ಲ ಬಾಯಿಗೆ ಬರಬೇಕೆಂದಿಲ್ಲ. ಆಮೇಲೊಂದು ಮಧ್ಯಾಹ್ನ ಸುಮತಿ ಬರಿಗೈಯಲ್ಲಿ ಬಂದಳು. "ತಟ್ಟೆ ಮರೆತೆ" ಎಂದಳು. ತಿರುಗಿ ಹೋಗಿ ತರಲು ವರಾಂಡ ದಾಟಿದರೆ ಸಾಕಿತ್ತು. ಹೋಗಲಿಲ್ಲ. ಕಪಾಟಿನಿಂದ ಹೆಲನ್‌ಳ ನೀಲಿ ಅಂಚಿನ ಗಾಜಿನ ಬಟ್ಟಲನ್ನು ತಾನೇ ತೆಗೆದುಕೊಂಡು ತಿಂದಳು. ಮುಂದೆ ಯಾವತ್ತೂ ತಟ್ಟೆ ತರಲಿಲ್ಲ. ಹೆಲನ್‌ಳ ಬದುಕಿನಲ್ಲಿ ಯಾರೂ ಚಪ್ಪಾಳೆ ತಟ್ಟದ ದೊಡ್ಡ ದಿನವೊಂದು ಇದ್ದರೆ ಅದು ಅದೇ.

ಡಾಕ್ಟರಿಗೆ ಅನುಕೂಲವಾಯಿತು, ಅವರು ಸಿರಿವಂತರ ಬಡಾವಣೆಯಾದ ಸ್ಪ್ರಿಂಗ್ ವ್ಯಾಲಿಗೆ ಹೋದರು. ದೊಡ್ಡ ಗೇಟು, ಹುಲ್ಲುಹಾಸು, ಜಕರಂಡ ಮರದ ನೆರಳು. ಹೆಲನ್ ನ್ಗಾರಾದ ಅದೇ ಮನೆಯಲ್ಲಿ ಉಳಿದಳು. ಮೊದಲು ಸುಮತಿ ವಾರಕ್ಕೊಮ್ಮೆ ಬರುತ್ತಿದ್ದಳು, ಆಮೇಲೆ ಕ್ರಿಸ್ಮಸ್ಸಿಗೆ, ಆಮೇಲೆ ಫೋನು, ಆಮೇಲೆ ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಜತೆ ಗುಡ್ ಮಾರ್ನಿಂಗ್ ಎಂಬ ಚಿತ್ರ. ಜಗಳ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಗಾದರೂ ಒಂದು ದಾರಿ ಇರುತ್ತಿತ್ತು.

"ಸುಮತಿ ಆಂಟಿ ಮನೆ ಬಿಟ್ಟು ಹೋಗಿ ಎಷ್ಟು ಕಾಲವಾಯಿತು, ಇನ್ನಾದರೂ ಸರಿಯಾದ ಜೆಲ್ಲಿ ಮಾಡು ಮಮ್ಮಿ" ಎಂದು ಡೆಂಜಿಲ್ ಗೋಗರೆದ. ಹೆಲನ್ ಮಾಡಲಿಲ್ಲ. ಪ್ರತಿ ಹಬ್ಬಕ್ಕೂ ಚೈನಾ ಗ್ರಾಸ್ ನೆನೆಹಾಕಿದಳು. ಕತ್ತರಿಸಿದ ಮೇಲೆ ಮೂಲೆಯ ಒಂದು ತುಂಡನ್ನು ನೀಲಿ ಅಂಚಿನ ಬಟ್ಟಲಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದಳು. ಯಾರಾದರೂ ಅಕಸ್ಮಾತ್ ಬಂದರೆ ಎಂದು. ಬರುವವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಡೆಂಜಿಲ್ ಅದನ್ನು ತಿಂದು ಬಟ್ಟಲು ತೊಳೆದಿಡುತ್ತಿದ್ದ.

ಈ ವರ್ಷ ಶರ್ಮಿಳಾಳ ಫೋನು ಬಂತು.

"ಹೆಲನ್ ಆಂಟಿ, ಅಮ್ಮಂಗೆ ಸೆವೆಂಟಿ ಆಗ್ತಿದೆ. ಮನೇಲೇ ಪಾರ್ಟಿ. ನಿಮ್ಮ ಆ ಕಲರ್ ಕಲರ್ ಜೆಲ್ಲಿ ಮಾಡ್ಕೊಂಡು ಬರ್ತೀರಾ?"

"ಅಮ್ಮ ಹೇಳಿದ್ಳಾ?"

"ಇಲ್ಲ ಆಂಟಿ, ಸರ್‌ಪ್ರೈಸ್. ಅಮ್ಮಂಗೆ ಅದಂದ್ರೆ ಜೀವ ಅಲ್ವಾ."

ಹೆಲನ್ ಫೋನಿಟ್ಟು ಚೈನಾ ಗ್ರಾಸಿನ ಡಬ್ಬ ತೆಗೆದು ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಬಹಳವೇನಲ್ಲ. ಸುಮತಿ ಟ್ರೇ ನೋಡಬೇಕು, ನಾಲ್ಕು ಜನರೆದುರು "ಹುಲ್ಲು ತಂದ್ಯೇನೇ?" ಎಂದು ಕೇಳಬೇಕು. ಅಷ್ಟೆ. ಆ ಒಂದು ಮಾತು.

ಹಿಂದಿನ ದಿನವೆಲ್ಲ ಅವಳು ಒಲೆಯ ಮುಂದಿದ್ದಳು. ಚೈನಾ ಗ್ರಾಸಿನ ಪದರ ಹಾಕುವುದಕ್ಕೆ ಹದ ತಿಳಿದಿರಬೇಕು. ಕೆಳಗಿನದು ನೀರಾಗಿರುವಾಗ ಸುರಿದರೆ ಬಣ್ಣ ಕಲೆಸುತ್ತದೆ. ಪೂರ್ತಿ ತಣ್ಣಗಾದ ಮೇಲೆ ಸುರಿದರೆ ಮೇಲಿನದು ಅಂಟುವುದೇ ಇಲ್ಲ, ಕತ್ತರಿಸುವಾಗ ಜಾರಿ ಬೇರೆಯಾಗುತ್ತದೆ. ಬೆರಳಿಟ್ಟರೆ ಅಂಟಬಾರದು, ಆದರೆ ಬಿಸಿ ಇನ್ನೂ ಇರಬೇಕು. ಹೆಲನ್ ಪ್ರತಿ ಪದರಕ್ಕೂ ಬೆರಳಿಟ್ಟು ನೋಡಿದಳು.

"ಮದುವೆ ಮನೆಗೆ ಹೋಗುವ ಹಾಗೆ ಸಂಭ್ರಮ ನಿನಗೆ" ಎಂದ ಡೆಂಜಿಲ್.

"ಬಾಯಿ ಮುಚ್ಚಿ ಅನಾನಸು ಕತ್ತರಿಸು."

ಸ್ಪ್ರಿಂಗ್ ವ್ಯಾಲಿಯ ಗೇಟಿನಲ್ಲಿ ಕಾವಲುಗಾರ "ಕರಿಬು, ಮಾಮಾ" ಎಂದು, ಬನ್ನಿ ಅಮ್ಮಾ ಎಂದು, ಅಲ್ಲಿಯ ಭಾಷೆಯಲ್ಲಿ ಬರಮಾಡಿಕೊಂಡ. ಡೆಂಜಿಲ್ ಅವಳನ್ನು ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಸುಮತಿ ಸೋಫಾದಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು, ಸುತ್ತ ಅವಳ ಶುಕ್ರವಾರದ ಭಜನೆಯ ಬಳಗ. "ಹೆಲನ್" ಎಂದು ಎದ್ದು ಬಂದು ತಬ್ಬಿಕೊಂಡಳು. ತೋಳಿನಲ್ಲಿ ಹಳೆಯ ಅಕ್ಕರೆಯ ಬಿಗಿಯೇ ಇತ್ತು. ಅಷ್ಟರಲ್ಲಿ ಟ್ರೇ ಮೇಜಿನ ಮೇಲೆ ಹೋಗಿತ್ತು, ಗೋಪಿನಾಥ್ ಎಂಬವರು ಅದರ ಮುಂದೆ ನಿಂತಿದ್ದರು. ಭಜನೆಯ ಬಳಗ ನಡೆಸುವವರು, ಯಾವುದೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಕೆಲಸ. ಸಮಾನತೆಯ ಬಗ್ಗೆ ವರದಿ ಬರೆಯುವುದೂ ಆ ಕೆಲಸದಲ್ಲಿ ಸೇರಿತ್ತು.

"ಇದು ಯಾರ ಮನೇದು?"

"ಹೆಲನ್ ಆಂಟಿ ಮಾಡಿದ್ದು, ನಮ್ಮ ನ್ಗಾರಾ ನೇಬರ್" ಎಂದಳು ಶರ್ಮಿಳಾ.

"ಓ, ಹೆಲನ್." ಹೆಸರು ಕೇಳಿದ ಮೇಲೆ ಅವರು ಟ್ರೇಯಿಂದ ಅರ್ಧ ಹೆಜ್ಜೆ ಹಿಂದೆ ಸರಿದರು. "ಜೆಲ್ಲಿ ಅಂದ್ರೆ ಬೋನ್ ಅಲ್ವಾ? ಸ್ವಲ್ಪ ನೋಡಮ್ಮ. ಹಿರಿಯರಿದ್ದಾರೆ."

ಅದೇ ಮೇಜಿನ ಮೇಲೆ ಬೇಕರಿಯಿಂದ ತಂದ ಮೂರಂತಸ್ತಿನ ಕೇಕಿತ್ತು. ಅದರ ತುಂಬ ಗುಲಾಬಿ ಬಣ್ಣದ ಮೆತ್ತನೆಯ ಮಿಠಾಯಿ, ಮಾರ್ಷ್‌ಮ್ಯಾಲೋ. ಮಾರ್ಷ್‌ಮ್ಯಾಲೋ ನಿಲ್ಲುವುದು ಜೆಲಟಿನ್ನಿನಿಂದಲೇ, ಎಲುಬಿನಿಂದಲೇ. ಅದನ್ನು ಯಾರೂ ವಿಚಾರಿಸಲಿಲ್ಲ. ಕೇಕಿಗೆ ಹೆಸರಿರಲಿಲ್ಲವಲ್ಲ.

ಶರ್ಮಿಳಾ ಟ್ರೇಯನ್ನು ಎತ್ತಿ ವರಾಂಡದ ಸ್ಟೂಲಿನ ಮೇಲಿಟ್ಟಳು. ಒಂದು ಚೀಟಿಯಲ್ಲಿ ನಾನ್‌ವೆಜ್ ಎಂದು ಬರೆದು ಸಿಕ್ಕಿಸಿದಳು. ಆಮೇಲೆ ಹೆಲನ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸಾರಿ ಆಂಟಿ. ಇವರು ಇಷ್ಟು ವಿಚಾರಿಸ್ತಾರೆ ಅಂತ ನಂಗೆ ಹೊಳೀಲಿಲ್ಲ. ನ್ಗಾರಾದಲ್ಲಿ ಅಮ್ಮ ಗುಟ್ಟಾಗಿ ನಿಮ್ಮನೇಲಿ ಜೆಲಟಿನ್ ತಿಂತಿದ್ರಲ್ಲ, ಅದು ಇವರಿಗೆ ಗೊತ್ತಾಗೋದು ಬೇಡ ಅಂತ. ಹುಲ್ಲು ಅಂತ ಕೋಡ್ ವರ್ಡ್ ಬೇರೆ ಇತ್ತಲ್ವಾ ನಿಮ್ಮಿಬ್ಬರದ್ದು."

ಹೆಲನ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಅಂದು ಬಾಗಿಲಲ್ಲಿ ನಿಂತು ಅತ್ತ ಆ ಮಗುವಿಗಾಗಿ ಹುಟ್ಟಿದ ಜೆಲ್ಲಿ ಅದು. ಅದನ್ನೇ ತಿಂದು ಬೆಳೆದ ಮಗು, ತಾಯಿ ತಪ್ಪು ಮಾಡಿದ್ದಳು, ಮಾಡಿಸಿದವಳು ಹೆಲನ್ ಎಂದು ಇಷ್ಟು ಕಾಲ ನಂಬಿಕೊಂಡಿತ್ತು. ಕ್ಷಮಿಸಿಯೂ ಬಿಟ್ಟಿತ್ತು.

ತಾನೇ ಹೇಳಬಹುದಿತ್ತು, ಇದು ಚೈನಾ ಗ್ರಾಸ್ ಎಂದು. ಆದರೆ ಹೆಲನ್ ಹೇಳಿದರೆ ಅದು ಹೆಲನ್ ಹೇಳಿದ್ದಷ್ಟೇ ಆಗುತ್ತಿತ್ತು. ಅವಳು ಸುಮತಿಯ ಕಡೆ ನೋಡಿದಳು. ಗೋಪಿನಾಥ್ ಹೇಳಿದ್ದನ್ನು ಸುಮತಿ ಕೇಳಿಸಿಕೊಂಡಿದ್ದಳು. ವರಾಂಡದ ಸ್ಟೂಲನ್ನು ನೋಡಿದಳು, ಚೀಟಿಯನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. ಪಕ್ಕದವರು ಏನೋ ಕೇಳಿದ್ದಕ್ಕೆ ತಿರುಗಿ ಉತ್ತರ ಕೊಟ್ಟಳು.

ಕೇಕ್ ಕತ್ತರಿಸಿ ಆಯಿತು, ಹಾಡಿ ಆಯಿತು. ಹೆಲನ್ ಮಾರ್ಷ್‌ಮ್ಯಾಲೋ ಮೆತ್ತಿದ ಕೇಕಿನ ತುಂಡೊಂದನ್ನು ತಿಂದು, ಕೈ ತೊಳೆಯಲು ಅಡುಗೆಮನೆಗೆ ಹೋದಳು. ಹಿಂದೆಯೇ ಸುಮತಿ ಬಂದಳು, ಬಾಗಿಲು ಮುಂದೆ ಮಾಡಿದಳು. ಸೆರಗಿನಡಿಯಿಂದ ಒಂದು ಸಣ್ಣ ತಟ್ಟೆ ತೆಗೆದಳು. ಅದರಲ್ಲಿ ಒಂದು ತುಂಡು.

"ಹುಲ್ಲೇ ತಾನೇ?"

"ಮತ್ತೆ ಎಂತ? ನಿನಗೆ ಬೇರೆ ಎಂತ ಮಾಡಿದ್ದೇನೆ ನಾನು ಇಷ್ಟರವರೆಗೆ?"

ಸುಮತಿ ಸಿಂಕಿನ ಪಕ್ಕ ನಿಂತೇ ತಿಂದಳು. ಕಣ್ಣು ಮುಚ್ಚಿಕೊಂಡಳು. "ಹಾಗೇ ಇದೆ ಕಣೇ. ಒಂಚೂರೂ ಬದಲಾಗಿಲ್ಲ."

"ಅದನ್ನು ಹೊರಗೆ ಬಂದು ಹೇಳು."

"ಅಯ್ಯೋ, ಈಗ್ಯಾಕೆ ಅದೆಲ್ಲ."

"ಇದು ಚೈನಾ ಗ್ರಾಸ್ ಅಂತ ಒಂದು ಮಾತು ಹೇಳು ಮಾರಾಯ್ತಿ. ಎಂತ ಕಷ್ಟ?"

"ಹೇಳಿದ್ರೆ, ನಿಮಗೆ ಹೆಂಗೆ ಗೊತ್ತು ಅಂತ ಕೇಳ್ತಾರೆ. ನಿನ್ನ ಮನೇಲಿ ಕೂತು, ನಿನ್ನ ಬಟ್ಟಲಲ್ಲಿ..." ಸುಮತಿ ನಿಲ್ಲಿಸಿದಳು. "ಈ ಜನ ಹೊಸಬರು ಹೆಲನ್. ಅವರಿಗೆ ಅದೆಲ್ಲ ಅರ್ಥ ಆಗಲ್ಲ. ಶುಕ್ರವಾರದ ನೈವೇದ್ಯ ಮಾಡೋಳು ನಾನು."

ಹೆಲನ್ ಕೈ ಒರೆಸಿಕೊಂಡಳು. "ಹಾಗಾದ್ರೆ ಎಲುಬು ಇರೋದು ಜೆಲ್ಲಿಯಲ್ಲಿ ಅಲ್ಲ. ನನ್ನ ಬಟ್ಟಲಲ್ಲಿ."

"ಹಾಗನ್ಬೇಡ ಕಣೇ."

"ಶರ್ಮಿಳಾಗಾದ್ರೂ ಹೇಳು. ಅಮ್ಮ ಕದ್ದು ಎಲುಬು ತಿಂತಿದ್ಳು ಅಂದ್ಕೊಂಡಿದ್ದಾಳೆ ಅವಳು."

ಸುಮತಿಗೆ ಇದು ಗೊತ್ತಿರಲಿಲ್ಲ. ಬಾಯಿ ತೆರೆದಳು. ಹೊರಗಿನಿಂದ ಯಾರೋ "ಸುಮತಿ ಆಂಟಿ, ಫೋಟೋ" ಎಂದು ಕೂಗಿದರು. "ಹೇಳ್ತೀನಿ" ಎಂದು ತಟ್ಟೆಯನ್ನು ತೊಳೆದು, ಒರೆಸಿ, ಎಲ್ಲಿತ್ತೋ ಅಲ್ಲಿಟ್ಟು, ಬಾಗಿಲು ತೆಗೆದುಕೊಂಡು ಹೋದಳು. ಹೆಲನ್ ಬಹುಕಾಲದಿಂದ ಕಾದಿದ್ದ ಹುಲ್ಲಿನ ಮಾತು ಸಿಕ್ಕಿತ್ತು. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ, ಸಿಂಕಿನ ಪಕ್ಕದಲ್ಲಿ.

ಸಂಜೆ ಟ್ರೇ ಅವಳ ಜತೆಗೇ ವಾಪಸು ಬಂತು. ಒಂದೇ ಒಂದು ತುಂಡು ಕಡಿಮೆ. ಗೇಟಿನಲ್ಲಿ ಕಾವಲುಗಾರನಿಗೆ ದೊಡ್ಡ ತುಂಡು ಕೊಟ್ಟಳು. ಅವನು ಅಲ್ಲೇ ತಿಂದು "ಅಸಾಂಟೆ, ಮಾಮಾ" ಎಂದು ಧನ್ಯವಾದ ಹೇಳಿ ಬೆರಳು ನೆಕ್ಕಿಕೊಂಡ. ಚೀಟಿಯನ್ನು ಯಾರೂ ತೆಗೆದಿರಲಿಲ್ಲ. ಡೆಂಜಿಲ್ ಓದಿ, ಕಾರು ನಿಲ್ಲಿಸಿ, "ಇದೇನು?" ಎಂದ.

"ಎಂತ ಇಲ್ಲ. ಗಾಡಿ ಬಿಡು."

ಮುಂದಿನ ತಿಂಗಳು ಜೆನಿಫರ್‌ಳ ಹುಟ್ಟುಹಬ್ಬ ಬಂತು. "ಈ ಸಲ ಅಲುಗಾಡುವುದನ್ನೇ ಮಾಡುತ್ತೇನೆ" ಎಂದಳು ಹೆಲನ್. ಡೆಂಜಿಲ್ ಅವಳ ಮುಖವನ್ನೊಮ್ಮೆ ನೋಡಿ ಜೆಲಟಿನ್ ಪೊಟ್ಟಣ ತಂದುಕೊಟ್ಟ. ಅವಳು ಕರಗಿಸಿದಳು, ಬಣ್ಣ ಹಾಕಿದಳು, ಒಂದೊಂದೇ ಪದರ ಫ್ರಿಜ್ಜಿಗಿಟ್ಟು ಗಟ್ಟಿಯಾಗಿಸಿದಳು, ಕೊನೆಗೆ ಹಳದಿ ಸುರಿದಳು. ಬೆಳಿಗ್ಗೆ ತೆಗೆದು ನೋಡಿದರೆ ಹಳದಿ ಬರೀ ನೀರು. ಟ್ರೇ ಓರೆಯಾದದ್ದೇ ಕಟ್ಟೆಯ ಮೇಲೆಲ್ಲ ಹರಿಯಿತು.

ಡೆಂಜಿಲ್ ಫೋನಿನಲ್ಲಿ ಹುಡುಕಿದ. "ತಾಜಾ ಅನಾನಸು ಹಾಕಿದರೆ ಜೆಲಟಿನ್ ಕಟ್ಟುವುದಿಲ್ಲವಂತೆ ಮಮ್ಮಿ. ಡಬ್ಬಿಯದ್ದೇ ಹಾಕಬೇಕಂತೆ. ಚೈನಾ ಗ್ರಾಸಿಗಾದರೆ ನಡೆಯುತ್ತದಂತೆ."

ಹೆಲನ್ ತನ್ನ ಕೈಗಳನ್ನು ನೋಡಿಕೊಂಡಳು. ಮನಸ್ಸು ಬಿಟ್ಟದ್ದನ್ನು ಅವು ಬಿಟ್ಟಿರಲಿಲ್ಲ. ಆ ಪರಮಪ್ರಸಾದದ ಹಬ್ಬದ ಮರುದಿನದಿಂದ ಅವು ಕಲಿತದ್ದು ಸುಮತಿಯ ಜೆಲ್ಲಿ ಒಂದನ್ನೇ.

ಕಟ್ಟೆ ಒರೆಸಿದಳು. ಡಬ್ಬದ ತಳದಲ್ಲಿ ಉಳಿದಿದ್ದ ಬಿಳಿ ಎಳೆಗಳನ್ನು ನೀರಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಐದು ಬಣ್ಣ ನೆಟ್ಟಗೆ ನಿಂತಿದ್ದವು. ಮೂಲೆಯ ತುಂಡನ್ನು ಕತ್ತರಿಸಿ ನೀಲಿ ಅಂಚಿನ ಬಟ್ಟಲಿಗೆ ಹಾಕಿ ಫ್ರಿಜ್ಜಿನ ಬಾಗಿಲು ತೆರೆದಳು. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಒಳಗಿಡದೆ ಬಾಗಿಲು ಮುಚ್ಚಿ, ಬಟ್ಟಲನ್ನು ಜೆನಿಫರ್‌ಳ ಕೈಗೆ ಕೊಟ್ಟಳು.

"ತಿನ್ನು. ಇದಕ್ಕೆ ಹುಲ್ಲು ಅಂತಾರೆ."

"ಹುಲ್ಲು? ವಾಟ್ಸ್ ದಟ್?"

"ಗ್ರಾಸ್."

ಜೆನಿಫರ್ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿ ಅಜ್ಜಿಯನ್ನು ನೋಡಿದಳು. "ಗ್ರ್ಯಾಂಡ್ಮಾ, ಡೂ ಐ ಲುಕ್ ಲೈಕ್ ಎ ಕೌ?"

ಹೆಲನ್ ತಟ್ಟನೆ ವರಾಂಡದ ಕಡೆ ತಿರುಗಿದಳು. ಎದುರು ಬಾಗಿಲು ಮುಚ್ಚಿತ್ತು. ಅಲ್ಲೀಗ ಬೇರೆಯವರು ಇದ್ದರು.