ಸೊಪ್ಪಿನ ಬುಟ್ಟಿಗೆ ಬಿದ್ದ ಕಾಗದ

ನಾನು ಚಿಕ್ಕವಳಿದ್ದಾಗ ಬೈರಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಮುದ್ರ ಕಂಡವನು ನಮ್ಮಣ್ಣ ಒಬ್ಬನೇ. ಅವನು ನೌಕಾಪಡೆಗೆ ಸೇರಿ, ವಿಮಾನಗಳನ್ನು ಹೊತ್ತು ತಿರುಗುವ ದೊಡ್ಡ ಹಡಗಿನಲ್ಲಿ ಕೆಲಸಕ್ಕಿದ್ದ. ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಕುಣಿದಾಡುವವರು ನಾವು. ಹಡಗಿನ ಮೇಲೆ ವಿಮಾನ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ.

ರಜೆಗೆ ಬಂದಾಗ ಅಣ್ಣ ನನಗೆ ಎಲ್ಲ ವಿವರಿಸಿದ್ದ. ಮೊದಲು ಯುದ್ಧದ ಹಡಗುಗಳು ಮರದವಂತೆ, ಗಾಳಿಯನ್ನೇ ನೆಚ್ಚಿ ಹಾಯಿ ಬಿಚ್ಚುತ್ತಿದ್ದವಂತೆ. ಆಮೇಲೆ ಕಲ್ಲಿದ್ದಲು ಉರಿಸಿ ಉಗಿಯಿಂದ ಓಡುವ ಕಬ್ಬಿಣದ ಹಡಗುಗಳು ಬಂದವು. ಅವುಗಳ ಮೈಗೆ ದಪ್ಪ ಉಕ್ಕು, ಮೇಲೆ ಮೈಲಿಗಟ್ಟಲೆ ದೂರ ಗುಂಡು ಹಾರಿಸುವ ಫಿರಂಗಿ. ವಿಮಾನ ಬಂದ ಮೇಲೆ ಆ ಫಿರಂಗಿಗಳ ಜಂಬವೂ ಇಳಿಯಿತು. ಅಣ್ಣ ರೇಷ್ಮೆ ಹುಳು ಸಾಕುವ ಹಳೆಯ ಬಿದಿರು ತಟ್ಟೆಯೊಂದನ್ನು ಬೋರಲು ಹಾಕಿ, ಅದಕ್ಕೆ ಅಡ್ಡಲಾಗಿ ದಾರ ಕಟ್ಟಿ, ವಿಮಾನವೆಂದು ಒಂದು ಹುಣಸೆಕಾಯಿ ತಗೊಂಡು ಅದರ ಬಾಲಕ್ಕೆ ಕೊಕ್ಕೆ ಸಿಕ್ಕಿಸಿ ಜಾರಿಸಿದ. "ನೋಡೇ, ಇಳಿಯೋ ವಿಮಾನದ ಕೊಕ್ಕೆ ಈ ತಂತಿಗೆ ಸಿಕ್ಕಿದ್ರೆ ನಿಲ್ಲುತ್ತೆ. ಸಿಗಲಿಲ್ಲ ಅಂದ್ರೆ ಮತ್ತೆ ಮೇಲಕ್ಕೆ ಹಾರ್ಬೇಕು ಕಣೇ" ಎಂದಿದ್ದ.

ಆ ವರ್ಷವೇ ಯುದ್ಧ ಶುರುವಾಯಿತು. ಒಂದು ದಿನ ಮುಳಬಾಗಿಲು ಬಸ್ಸಿನಿಂದ ಇಳಿದ ಯಾರೋ ನಮ್ಮ ಹಡಗೊಂದು ಮುಳುಗಿತಂತೆ ಎಂದರು. ಯಾವ ಹಡಗು ಎಂದು ಅವರಿಗೂ ಗೊತ್ತಿರಲಿಲ್ಲ. ಅಂದಿನಿಂದ ಹತ್ತು ಹನ್ನೆರಡು ದಿನ ಅಣ್ಣನ ಕಾಗದವಿಲ್ಲ. ಅಮ್ಮ ಒಲೆಯ ಮುಂದಿನಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡುತ್ತಿದ್ದಳು. ರಾಗಿ ಮುದ್ದೆ ಎರಡು ಸಲ ತಳ ಹಿಡಿಯಿತು. ಅಕ್ಕ ರೇಡಿಯೋದ ಕಿವಿ ತಿರುಗಿಸಿ ತಿರುಗಿಸಿ ಅದು ಗರಗರ ಎನ್ನುವುದನ್ನೇ ಕೇಳುತ್ತಿದ್ದಳು.

ಹುಳುಗಳು ಮಾತ್ರ ಯುದ್ಧಕ್ಕಾಗಿ ಕಾಯುವುದಿಲ್ಲವಲ್ಲ. ಪೊರೆ ಬಿಡಲು ಮಲಗುವ ನಾಲ್ಕನೇ ಜ್ವರದಿಂದ ಎದ್ದು, ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಹುಳುಮನೆ ತುಂಬ ತುಂತುರು ಮಳೆಯಂಥ ಸದ್ದು, ಹಸಿ ಸೊಪ್ಪಿನ ವಾಸನೆ. ಆ ದಿನಗಳಲ್ಲಿ ಹುಳುಗಳಿಗೆ ರೋಗ ತಗಲೀತೆಂದು ಹೊರಗಿನವರು ಯಾರೂ ಹೊಸಿಲು ದಾಟುವಂತಿರಲಿಲ್ಲ. ಒಳಗೆ ಸೀನಿದರೂ ಅಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಟಪಾಲಿನವರು ಸೈಕಲ್ಲಿನಲ್ಲಿ ಸುಮ್ಮನೆ ಹಾದುಹೋಗುತ್ತಿದ್ದರು. ಅಮ್ಮ ಬೀದಿಗೇ ಓಡಿ ಅಡ್ಡ ನಿಂತಳು.

"ಇವತ್ತೂ ಇಲ್ವೇನಪ್ಪಾ?"

"ಮೊನ್ನೇನೇ ಹಾಕಿದ್ನಲ್ಲಮ್ಮ! ಹುಳುಮನೆ ಒಳಕ್ಕೆ ನಾನ್ ಬರೋ ಹಂಗಿಲ್ಲ. ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಇತ್ತಲ್ಲ, ಅದರೊಳಗೆ ಇಟ್ಟು ಹೋದೆ."

ಆ ಬುಟ್ಟಿಯನ್ನು ಒಳಗೆ ಹೊತ್ತು ತಟ್ಟೆಗಳಿಗೆ ಸುರಿದವಳು ನಾನೇ. ರೇಡಿಯೋ ಕಡೆಗೆ ಕಿವಿ ಕೊಟ್ಟು, ಕೈಗೆ ಸಿಕ್ಕಿದ್ದನ್ನು ಸಿಕ್ಕಂತೆ ಹರಡಿದ್ದೆ. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಅಮ್ಮನ ಮುಖ ನೋಡಿ ಆಗಲಿಲ್ಲ. ಮಾತು ಕೇಳಿ ಹುಳುಮನೆಯಿಂದ ಹೊರಗೆ ಬಂದ ಅಪ್ಪನ ಮುಂದೆ, "ನಾನೇ ಅಪ್ಪಾ. ಹುಳಕ್ಕೆ ಹಾಕ್ಬಿಟ್ಟೆ" ಎಂದು ಅತ್ತುಬಿಟ್ಟೆ.

ಅಪ್ಪ ಬೈಯಲಿಲ್ಲ. ಅಕ್ಕ ಮೆಲ್ಲಗೆ, "ಈಗ ತಟ್ಟೆ ಕದಲಿಸಿದ್ರೆ ಹುಳ ಸಾಯ್ತವೆ ಅಪ್ಪಾ" ಎಂದಳು.

"ಹೋದ್ರೆ ಹೋಗ್ಲಿ. ಇನ್ನೊಂದ್ ಬೆಳೆ ಬರುತ್ತೆ. ಇಳಿಸ್ರೇ ತಟ್ಟೇನ!"

ಅದುವರೆಗೆ ಹುಳುಗಳನ್ನು ಹೂವಿನಂತೆ ಎತ್ತುತ್ತಿದ್ದ ಅಪ್ಪ ಹಿಡಿಹಿಡಿಯಾಗಿ ಬಾಚಿ ಪಕ್ಕಕ್ಕೆ ಹಾಕಿದರು. ಕೈಗೆಲ್ಲ ತಣ್ಣನೆಯ ಹುಳುಗಳು ಹತ್ತಿದವು. ಹಿಕ್ಕೆ, ಬಾಡಿದ ಸೊಪ್ಪು, ಕಡ್ಡಿ ಎಲ್ಲ ಕೆದಕಿದೆವು. ಒಂಬತ್ತನೆಯ ತಟ್ಟೆಯ ತಳದಲ್ಲಿ ನೀಲಿ ಕಾಗದ ಅಂಟಿಕೊಂಡಿತ್ತು.

ಅಕ್ಕ ಮೊದಲು ನೋಡಿದ್ದು ತಾರೀಖು. ಹಡಗಿನ ಸುದ್ದಿ ಬಂದ ಮೇಲೆ ಬರೆದದ್ದು! ಅಣ್ಣ ಬದುಕಿದ್ದ. ಅಮ್ಮ ಅಲ್ಲೇ ಕೂತು ಗೊಳೋ ಎಂದು ಅತ್ತಳು. ಒದ್ದೆಯಾಗಿ ಶಾಯಿ ಹರಡಿತ್ತು, ಕೊನೆಯ ನಾಲ್ಕು ಸಾಲು ಮಾತ್ರ ಓದಲು ಬಂತು. "ನಾನು ಚೆನ್ನಾಗಿದ್ದೀನಿ ಅಮ್ಮ. ವಿಮಾನ ಹಾರುವಾಗ ಎಣಿಸುತ್ತೇವೆ, ಇಳಿಯುವಾಗ ಮತ್ತೆ ಎಣಿಸುತ್ತೇವೆ. ಹೋದವೆಲ್ಲ ವಾಪಸ್ ಬರುವವರೆಗೆ ನಮಗೆ ಯಾರಿಗೂ ಊಟ ಸೇರುವುದಿಲ್ಲ."

ಆ ಸಲ ಅರ್ಧಕ್ಕರ್ಧ ಹುಳು ಗೂಡು ಕಟ್ಟಲಿಲ್ಲ. ಅಪ್ಪ ಆ ಮಾತನ್ನು ಎಂದೂ ಎತ್ತಲಿಲ್ಲ. ಯುದ್ಧ ಮುಗಿದು ಅಣ್ಣ ಊರಿಗೆ ಬಂದಾಗ, ಅಮ್ಮ ಅವನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಈಗ ಮೊಮ್ಮಕ್ಕಳೇ, ನೀವು ಮೂವರೂ ಫೋನಿನಲ್ಲಿ ಹಡಗಿನ ಮೇಲೆ ವಿಮಾನ ಇಳಿಯುವುದನ್ನು ಚಕ್ಕುಲಿ ತಿನ್ನುತ್ತಾ ನೋಡುತ್ತೀರಿ. ಯಾರು ಎಲ್ಲಿದ್ದಾರೆ ಎಂಬುದೂ ಅದರಲ್ಲೇ ಚುಕ್ಕಿಯಾಗಿ ಕಾಣುತ್ತದೆ. "ಬರ್ತಿದ್ದೀವಿ ಅಂತ ಮೆಸೇಜ್ ಹಾಕಿದ್ವಲ್ಲಜ್ಜಿ, ಸಂಜೆ ಆದ್ರೆ ಬಾಗಿಲಲ್ಲಿ ಯಾಕ್ ನಿಂತ್ಕೋತೀಯ?" ಎಂದು ನಗುತ್ತೀರಿ. ನಗಿ, ನಗಿ. ಹೊಸಿಲ ಹೊರಗೆ ಮೂರು ಜೊತೆ ಚಪ್ಪಲಿ ಎಣಿಸುವವರೆಗೆ ನಾನು ಅನ್ನ ಬಡಿಸುವುದಿಲ್ಲ.