ರಾಧಣ್ಣ ಕಂಡ ಸೆಕೆಂಡ್ ಹಾಫ್

ಸಿನೆಮಾದ ಬಗ್ಗೆ ಯಾರೂ ಕೇಳದಿದ್ದರೂ ಅಭಿಪ್ರಾಯ ಹೇಳುವವಳು ನಾನು. ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ನನ್ನ ಕೆಲಸವೇ ಇನ್ನೊಬ್ಬರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಆ ಚಟ ಭಾನುವಾರವೂ ಬಿಡುವುದಿಲ್ಲ. ನಾಯಕ ಸ್ಲೋ ಮೋಷನ್ನಿನಲ್ಲಿ ನಡೆದು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥ ನಾನು ಭಾನುವಾರ ಬಂತೆಂದರೆ ಮ್ಯಾಟಿನಿಗೆ ಓಡುತ್ತಿದ್ದದ್ದು, ಥಿಯೇಟರಿನಲ್ಲಿ ನಿದ್ದೆ ಹೊಡೆಯುವ ಒಬ್ಬ ಮನುಷ್ಯನ ಅಭಿಪ್ರಾಯ ಕೇಳುವುದಕ್ಕೆ ಎಂದರೆ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ.

ಆ ಮನುಷ್ಯ ರಾಧಣ್ಣ. ಪೂರ್ತಿ ಹೆಸರು ರಾಧಾಕೃಷ್ಣ, ಊರು ಕಾಸರಗೋಡಿನ ಹತ್ತಿರ ಕುಂಬಳೆ, ಕೆಲಸ ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ. ಹೆಂಡತಿ ಶಂಕರಿ ಅಕ್ಕನಿಗೆ ಇಲ್ಲಿ ಕೊಚ್ಚಿಯ ಹೈಕೋರ್ಟಿನಲ್ಲಿ ಕೆಲಸ. ಕಾಸರಗೋಡಿನಿಂದ ಬರುವ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು. ಇಬ್ಬರದೂ ವರ್ಗವಾಗದ ಕೆಲಸ, ಬಿಡಲಿಕ್ಕೆ ಮನಸ್ಸಾಗದ ಸಂಬಳ. ಹಾಗಾಗಿ ಮದುವೆಯಾದಂದಿನಿಂದ ಅವಳು ಕೊಚ್ಚಿ, ಅವನು ತಿರುವನಂತಪುರ. ಮಕ್ಕಳಿಲ್ಲ. ಹಿನ್ನೀರಿನಾಚೆ ವೈಪಿನ್ ದ್ವೀಪದಲ್ಲಿರುವ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾನು, ಮಂಗಳೂರಿನ ಜಾಯ್ಸ್, ಅವರ ಜೊತೆ ಮೂರನೆಯ ಟಿಕೆಟು.

ಶನಿವಾರ ಆಫೀಸು ಮುಗಿಸಿ ರೈಲು ಹತ್ತಿದರೆ ರಾಧಣ್ಣ ವೈಪಿನ್ ತಲುಪುವಾಗ ಊರು ಮಲಗಿರುತ್ತಿತ್ತು. ಸೋಮವಾರ ಬೆಳಗಾಗುವ ಮೊದಲೇ ಮತ್ತೆ ರೈಲು. ನಡುವಿನ ಭಾನುವಾರದಲ್ಲಿ ಅರ್ಧ ದಿನ ಬಟ್ಟೆಗೆ, ತರಕಾರಿಗೆ, ಊರಿನ ನೆಂಟರ ಫೋನಿಗೆ. ಉಳಿದದ್ದು ಎರ್ನಾಕುಳಂನಲ್ಲಿ ಮ್ಯಾಟಿನಿ ಮತ್ತು ಅಲ್ಲಿಂದ ವಾಪಸ್ಸು ಬರುವ ದೋಣಿ. ಅವರ ಸಂಸಾರ ಎಂಬುದು ನಿಜವಾಗಿ ನಡೆಯುತ್ತಿದ್ದದ್ದು ಆ ದೋಣಿಯಲ್ಲಿ.

ಥಿಯೇಟರಿನ ದೀಪ ಆರಿ, ಸಿಗರೇಟು ಬಿಡಿ ಎನ್ನುವ ಜಾಹೀರಾತು ಮುಗಿದು, ನಾಯಕನ ಹೆಸರಿಗೆ ಜನ ಕಿರುಚುವ ಹೊತ್ತಿಗೆ ರಾಧಣ್ಣನ ಗದ್ದ ಎದೆಗೆ ತಾಗಿರುತ್ತಿತ್ತು. ಗೊರಕೆ ಏರಿದರೆ ಶಂಕರಿ ಅಕ್ಕನ ಮೊಣಕೈ. ಇಂಟರ್ವಲ್ಲಿನಲ್ಲಿ ಎದ್ದು, ಬಾಳೆಹಣ್ಣು ಕರಿದ ಒಂದು ಪಳಂಪೊರಿ ತಿಂದು, ಚಹಾ ಕುಡಿದು, ಮತ್ತೆ ನಿದ್ದೆಗೆ. ತಾನು ನಿದ್ದೆ ಮಾಡಿದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಪರದೆಯ ಮಾತು, ಮಳೆ, ಗುಂಡಿನ ಶಬ್ದ ಕಿವಿಯಿಂದ ಒಳಗೆ ಹೋಗಿ, ಅಲ್ಲಿ ಬೇರೆಯೇ ಒಂದು ಸಿನೆಮಾ ಆಗುತ್ತಿತ್ತು.

ಹೈಕೋರ್ಟ್ ಜೆಟ್ಟಿಯಲ್ಲಿ ದೋಣಿ ಬಿಟ್ಟು, ಕಿಟಕಿಯ ಗಾಜಿನಾಚೆ ನೀರು ಕೆಂಪಾಗಿ, ಹಡಗುಕಟ್ಟೆಯ ಕ್ರೇನುಗಳು ಮಂಜಿನಲ್ಲಿ ಕರಗುವಾಗ ರಾಧಣ್ಣ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಒಮ್ಮೆ ಅಣ್ಣತಮ್ಮಂದಿರು ಮನೆ ಪಾಲು ಮಾಡುವ ಕತೆ ನೋಡಿದ್ದೆವು. ನನ್ನ ಅಭಿಪ್ರಾಯ: ಅಳು ಜಾಸ್ತಿ, ಬೆಳಕು ಕಡಿಮೆ, ಅತ್ತಿಗೆಯ ಪಾತ್ರದವಳನ್ನು ಬಿಟ್ಟರೆ ಯಾರಿಗೂ ನಟನೆ ಬರುವುದಿಲ್ಲ.

"ಆ ಮನೆ ತೇಲಿಕೊಂಡು ಹೋಗುದುಂಟಲ್ಲ, ಅದು ಭಾರಿ ಲಾಯ್ಕ ತೆಗೆದಿದ್ದಾರೆ" ಎಂದ ರಾಧಣ್ಣ. ಮನೆ ಅಡಿಪಾಯದಿಂದ ಮೆಲ್ಲಗೆ ಎದ್ದು ಹಿನ್ನೀರಿಗೆ ಇಳಿಯಿತಂತೆ. ಒಳಗೆ ಎಲೆ ಹಾಕಿ ಬಡಿಸಿಟ್ಟ ಊಟ ಅಲುಗಲಿಲ್ಲವಂತೆ. ಅಣ್ಣ ಈ ಕಡೆಯ ಜಗಲಿಯಿಂದ, ತಮ್ಮ ಆ ಕಡೆಯ ಜಗಲಿಯಿಂದ ಹುಟ್ಟು ಹಾಕುತ್ತಾ ಇದ್ದರಂತೆ. "ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತದ್ದು ಯಾರು ಗೊತ್ತುಂಟಾ? ನೀನು. ಎಲ್ಲಿಗೆ ಹೋಗುದು ಅಂತ ಇಬ್ಬರೂ ಒಂದೇ ಉತ್ತರ ಹೇಳಿದ್ರೆ ಮಾತ್ರ ಬಿಡುದು ಅಂತ ಹಟ ಹಿಡಿದಿದ್ದಿ."

"ಬಿಟ್ಟೆನಾ?" ಎಂದಳು ಶಂಕರಿ ಅಕ್ಕ.

"ಅಷ್ಟರಲ್ಲಿ ಇಂಟರ್ವಲ್ ಆಯ್ತು."

ತಿರುವನಂತಪುರದ ಅವನ ಆಫೀಸಿನವರು ಅವನ ಮಾತು ನಂಬಿ ಆ ಸಿನೆಮಾಕ್ಕೆ ಹೋಗಿ ಬಂದು, ತೇಲುವ ಮನೆ ಎಲ್ಲಿ ಸಾರ್ ಎಂದು ಕ್ಯಾಂಟೀನಿನಲ್ಲಿ ಜಗಳಕ್ಕೆ ನಿಂತರಂತೆ. ನೀವು ಮೊಬೈಲು ನೋಡುತ್ತಾ ಇದ್ದಿರಬೇಕು ಎಂದು ಇವನೇ ಅವರಿಗೆ ಬುದ್ಧಿ ಹೇಳಿ ಕಳಿಸಿದ.

ನಕಲಿ ಮದುವೆಯ ಒಂದು ಕಾಮಿಡಿ. ನನಗೆ ಎರಡು ಕಡೆ ನಗು ಬಂದದ್ದು ನಿಜ, ಆಮೇಲೆ ಅದೇ ಜೋಕನ್ನು ಹಿಂಡಿ ಹಿಂಡಿ ಕುಡಿಸಿದರು. ರಾಧಣ್ಣನಿಗೆ ಕಂಡದ್ದು, ದಿಬ್ಬಣದ ಬಸ್ಸು ಮೋಡದೊಳಗೆ ಹತ್ತಿಹೋದದ್ದು. ಕಂಡಕ್ಟರ್ ಶಂಕರಿ. ಟಿಕೆಟಿಲ್ಲದ ಮದುಮಗನನ್ನು ಮೋಡದ ಮೇಲೆಯೇ ಇಳಿಸಿ ರೈಟ್ ಅಂದಳಂತೆ. ಇನ್ನೊಂದು, ವಿಳಿಂಜಂ ಬಂದರಿನ ಹೊಡೆದಾಟದ ಸಿನೆಮಾ. ನಾಯಕ ಕಂಟೇನರಿನ ಬಾಗಿಲು ಒಡೆದು ತೆಗೆದರೆ ಒಳಗೆ ತಿರುವನಂತಪುರದ ಇಡೀ ಚಾಲೈ ಪೇಟೆ, ಅರಸಿನದ ಮೂಟೆ, ಇಂಗಿನ ಪರಿಮಳ, ಸಂಜೆಯ ದೀಪ. ತಕ್ಕಡಿ ಹಿಡಿದು ಕೂತ ಶಂಕರಿ, ಮೊದಲು ಬೂಟು ಹೊರಗೆ ಬಿಟ್ಟು ಬಾ ಎಂದು ನಾಯಕನನ್ನು ಗದರಿಸಿದಳು.

ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಶಂಕರಿ ಅಕ್ಕ ನಗುತ್ತಿರಲಿಲ್ಲ. ಗಾಜಿಗೆ ತಲೆ ಆನಿಸಿ, ಅರ್ಧ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಗ ಅವಳ ಮುಖ ಎಷ್ಟು ಚೆಂದ ಇರುತ್ತಿತ್ತೆಂದರೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ, ಒಂದು ಮೌನದ ದೃಶ್ಯದಲ್ಲಿ ಗೊರಕೆ ತಟ್ಟನೆ ನಿಂತಿತು. ಗೊರಕೆಯಷ್ಟೇ ಅಲ್ಲ, ಉಸಿರೂ. ಶಂಕರಿ ಅಕ್ಕ ಭುಜ ಹಿಡಿದು ಅಲುಗಿಸಿದಳು. ಅವನು ನೀರಿನಿಂದ ಮೇಲೆದ್ದವನ ಹಾಗೆ ಉಸಿರೆಳೆದುಕೊಂಡ. ಮರುದಿನ ಅವನನ್ನು ರೈಲು ಹತ್ತಲಿಕ್ಕೆ ಬಿಡದೆ ಆಸ್ಪತ್ರೆಗೆ ಕರಕೊಂಡು ಹೋದಳು. ಮೈಗೆಲ್ಲ ವಯರು ಅಂಟಿಸಿ ಮಲಗಿಸಿ ನೋಡಿದ ಡಾಕ್ಟರು, ರಾತ್ರಿಯಿಡೀ ಇವರ ಉಸಿರು ಕಟ್ಟುತ್ತಾ ಇದೆ, ಹಗಲು ತೂಕಡಿಕೆ ಅದರಿಂದಲೇ, ಹೀಗೇ ಬಿಟ್ಟರೆ ಹೃದಯಕ್ಕೆ ಕಷ್ಟ ಎಂದರು. ಮೂಗಿಗೆ ಕಟ್ಟಿಕೊಂಡು ಮಲಗುವ ಒಂದು ಗಾಳಿಯ ಮಶೀನು ಬಂತು.

ರಾಧಣ್ಣ ಚೇತರಿಸಿಕೊಂಡ. ಮುಖದಲ್ಲಿ ಬಣ್ಣ ಬಂತು, ಮೆಟ್ಟಿಲು ಹತ್ತುವಾಗ ಏದುಸಿರು ಹೋಯಿತು. ಥಿಯೇಟರಿನಲ್ಲಿ ನೆಟ್ಟಗೆ ಕೂತು ಮೊದಲಿನಿಂದ ಕೊನೆಯವರೆಗೆ ಸಿನೆಮಾ ನೋಡತೊಡಗಿದ. ದೋಣಿಯಲ್ಲಿ ಹೇಳಿದ: "ಕ್ಯಾಮೆರಾ ಲಾಯ್ಕುಂಟು. ಸೆಕೆಂಡ್ ಹಾಫ್ ಸ್ವಲ್ಪ ಎಳೆದ್ರು."

ಅಕ್ಷರಶಃ ನನ್ನ ಅಭಿಪ್ರಾಯವೇ. ಮೊದಲ ವಾರ ನನಗೆ ಖುಷಿಯೂ ಆಯಿತು, ಕೊನೆಗೊಮ್ಮೆ ನೆಟ್ಟಗೆ ಮಾತಾಡಲಿಕ್ಕೆ ಒಬ್ಬ ಸಿಕ್ಕಿದ ಅಂತ. ಎರಡನೆಯ ವಾರ ಮಾತು ಜೆಟ್ಟಿ ದಾಟುವ ಮೊದಲೇ ಮುಗಿಯಿತು. ಆಮೇಲಿನ ಭಾನುವಾರಗಳಲ್ಲಿ ಮೂವರೂ ನೀರು ನೋಡಿಕೊಂಡು ಕೂತೆವು.

ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಾ ಶಂಕರಿ ಅಕ್ಕ ಒಂದು ದಿನ ಹೇಳಿದಳು: "ಮದ್ದು ಮಾಡಿಸಿದ್ದು ನಾನೇ. ಜೀವ ದೊಡ್ಡದಲ್ವಾ? ಆದ್ರೆ ಜಾಯ್ಸ್, ಈಗ ಯಾರೋ ಆಫೀಸರನ ಒಟ್ಟಿಗೆ ಸಿನೆಮಾಕ್ಕೆ ಹೋದ ಹಾಗೆ ಆಗ್ತದೆ ನನಗೆ." ಇನ್ನೊಂದು ಬಟ್ಟೆ ಕೊಡವಿ, "ಇನ್ನು ಎರಡು ವಾರಕ್ಕೊಮ್ಮೆ ಬಂದ್ರೆ ಸಾಕಾ ಅಂತ ಕೇಳಿದ್ರು ಇವ್ರು. ಸಿನೆಮಾ ಫೋನಿನಲ್ಲೂ ನೋಡ್ಬಹುದಂತೆ" ಎಂದಳು.

"ನೀವೆಂತ ಹೇಳಿದ್ರಿ?"

"ನಿಮ್ಮಿಷ್ಟ ಅಂತ ಹೇಳಿದೆ."

ನನಗೆ ಸಿಟ್ಟು ಬಂತು. ಎರಡು ವಾರ ನಾಲ್ಕಾಗುತ್ತದೆ, ನಾಲ್ಕು ಹೋಗಿ ಓಣಂ, ವಿಷು ಹಬ್ಬಕ್ಕೆ ಮಾತ್ರ ಎಂದಾಗುತ್ತದೆ, ಅಷ್ಟು ಲೆಕ್ಕ ಇಷ್ಟು ಓದಿದವರಿಗೆ ಗೊತ್ತಿಲ್ಲವೇ? ಮುಂದಿನ ಭಾನುವಾರ ಥಿಯೇಟರಿಗೆ ಹೋಗುವ ದಾರಿಯಲ್ಲಿ ರಾಧಣ್ಣ ಚಪ್ಪಲಿಯಂಗಡಿಯ ಎದುರು ಒಬ್ಬನೇ ಸಿಕ್ಕಾಗ ನಾನು ಸುಮ್ಮನಿರಲಿಲ್ಲ. "ಅಣ್ಣ, ನೀವು ನಿದ್ದೆ ಮಾಡ್ತಾ ಇದ್ದಾಗಲೇ ಮನುಷ್ಯರಾಗಿದ್ರಿ" ಎಂದುಬಿಟ್ಟೆ. ಅವನು ಚಪ್ಪಲಿಗಳನ್ನೇ ನೋಡುತ್ತಾ ನಿಂತ.

ಅವತ್ತಿನದು ನೌಕಾಪಡೆಯ ಹೊಡೆದಾಟದ ಸಿನೆಮಾ. ದೀಪ ಆರಿದ ಕೂಡಲೇ ರಾಧಣ್ಣ ಗದ್ದವನ್ನು ಎದೆಗಿಳಿಸಿ ಕಣ್ಣು ಮುಚ್ಚಿದ. ಪರದೆಯಲ್ಲಿ ಬಾಂಬು ಸಿಡಿದಾಗಲೆಲ್ಲ ಅವನ ರೆಪ್ಪೆ ಅದುರುವುದು ಆ ಬೆಳಕಿನಲ್ಲೇ ಕಾಣುತ್ತಿತ್ತು.

ದೋಣಿಯಲ್ಲಿ ಗಂಟಲು ಸರಿ ಮಾಡಿಕೊಂಡ. ಜಲಾಂತರ್ಗಾಮಿಯೊಳಗೆ ಮಲ್ಲಿಗೆಯ ತೋಟ ಇತ್ತಂತೆ. ನಾವಿಕರು ಹೂ ಕಟ್ಟುತ್ತಿದ್ದರಂತೆ. ಶತ್ರುಗಳ ಹಡಗಿಗೆ ಇವರು ಮಲ್ಲಿಗೆ ಚೆಂಡು ಹಾರಿಸಿದರೆ ಅವರಿಗೆಲ್ಲ ತಂತಮ್ಮ ಊರಿನ ನೆನಪಾಗಿ, ಸಮುದ್ರದ ನಡುವೆ ಹಡಗು ನಿಲ್ಲಿಸಿ ಮನೆಗೆ ಫೋನು ಮಾಡತೊಡಗಿದರಂತೆ. ನನಗೆ ಬಹಳ ಹಿಡಿಸಿತು. ಚಪ್ಪಾಳೆ ಹೊಡೆಯುವುದೊಂದೇ ಬಾಕಿ.

ಶಂಕರಿ ಅಕ್ಕ ಗಾಜಿನಿಂದ ತಲೆ ತೆಗೆದಳು. "ನಿಮಗೆ ನಿದ್ದೆ ಬರ್ಲಿಲ್ಲ."

"ಬಂತಲ್ಲ. ಒಳ್ಳೆ ನಿದ್ದೆ."

"ಇಲ್ಲ. ಇದರಲ್ಲಿ ನಾನೇ ಇಲ್ಲ."

ದೋಣಿ ಒಂದು ದೊಡ್ಡ ಹಡಗಿನ ನೆರಳಿನೊಳಗೆ ಹೋಗಿ ಹೊರಗೆ ಬಂತು. ರಾಧಣ್ಣನ ದನಿ ಬಹಳ ಸಣ್ಣದಾಗಿತ್ತು.

"ನಾನು ನಿನ್ನನ್ನು ಹಾಕ್ತಾ ಇದ್ದದ್ದಲ್ಲ ಶಂಕರಿ. ನೀನೇ ಬರ್ತಿದ್ದಿ. ಎಲ್ಲಿಂದ ಬರ್ತಿ ಅಂತ ನನಗೂ ಗೊತ್ತಿರ್ಲಿಲ್ಲ. ಮಶೀನು ಹಾಕಿದ ಮೇಲೆ ರಾತ್ರಿ ಕನಸೇ ಇಲ್ಲ. ನೀನು ಬರುದಿಲ್ಲ. ಇಲ್ಲಿ ಬಂದು ನಿನ್ನ ಹತ್ರ ಕೂತ್ರೆ ಎಂತ ಮಾತಾಡುದು ಅಂತ ಹೆದರಿಕೆ ಆಗ್ತದೆ. ಅದಕ್ಕೇ ಎರಡು ವಾರಕ್ಕೊಮ್ಮೆ ಅಂತ ಹೇಳಿದ್ದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬಂದದ್ದು ಅಳುವಲ್ಲ, ಸಿಟ್ಟು.

"ಬರುದಿಲ್ಲಂತೆ! ಕರೆದಿದ್ದೀರಾ ನೀವು? ಮದುವೆಯಾದ ಮೇಲೆ ಒಮ್ಮೆಯಾದ್ರೂ ತಿರುವನಂತಪುರಕ್ಕೆ ಬಾ ಅಂತ ಹೇಳಿದ್ದೀರಾ? ನನ್ನನ್ನು ಚಾಲೈ ಪೇಟೆಯಲ್ಲಿ ತಕ್ಕಡಿ ಕೊಟ್ಟು ಕೂರಿಸಿದ್ರಿ. ನಾನು ಚಾಲೈ ಪೇಟೆಯನ್ನು ಕಣ್ಣಿನಿಂದ ನೋಡಿಯೇ ಇಲ್ಲ, ಗೊತ್ತುಂಟಾ?"

"ಅಲ್ಲಿ ನಾನಿರುವ ಲಾಡ್ಜಿನ ಕೋಣೆ ಸಣ್ಣದು ಮಾರಾಯ್ತಿ..."

"ನಾನೆಂತ ಆನೆಯಾ?"

ಎದುರು ಸೀಟಿನ ಕನ್ಯಾಸ್ತ್ರೀಯೊಬ್ಬರು ಭಾಷೆ ಅರ್ಥವಾಗದಿದ್ದರೂ ನಕ್ಕರು. ರಾಧಣ್ಣ ನಗಲಿಲ್ಲ. ವೈಪಿನ್ ಜೆಟ್ಟಿ ಬಂದು, ಜನ ಇಳಿದು, ಸಿಬ್ಬಂದಿ ಬಂದು ಎಬ್ಬಿಸುವವರೆಗೂ ಅವಳ ಮುಖ ನೋಡುತ್ತಾ ಕೂತಿದ್ದ. ಏಳುವಾಗ, "ಬಾ" ಎಂದ.

ಮುಂದಿನ ಶನಿವಾರ ರೈಲು ಹತ್ತಿದ್ದು ಶಂಕರಿ ಅಕ್ಕ. ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋದಳು. ಭಾನುವಾರ ಮುಸ್ಸಂಜೆ, ಒಬ್ಬಳೇ ಸಿನೆಮಾ ನೋಡಿ ಬಂದು ಬೇಸರ ಹತ್ತಿ ಫೋನು ಮಾಡಿದೆ. ಅಲ್ಲಿ ಪೇಟೆಯ ಗದ್ದಲ ಕೇಳುತ್ತಿತ್ತು.

"ಹೇಗುಂಟು ಅಕ್ಕ ಸಿನೆಮಾ?"

"ಎಂತ ಸಿನೆಮಾ! ಒಂದು ಸೀನು ನೋಡ್ಲಿಕ್ಕೆ ಆಗ್ಲಿಲ್ಲ. ಇವ್ರು ಮಾತಾಡಿದ್ದೇ ಮಾತಾಡಿದ್ದು, ನಾನೂ ಬಿಡ್ಲಿಲ್ಲ. ಹಿಂದಿನ ಸಾಲಿನವ ಎರಡು ಸಲ ಬೈದ. ಇಂಟರ್ವಲ್ಲಿಗೆ ಎದ್ದು ಇಲ್ಲಿ ಚಾಲೈಗೆ ಬಂದೆವು." ಪಕ್ಕದಿಂದ ರಾಧಣ್ಣ ಏನೋ ಹೇಳಿದ, ಅವಳು ಫೋನಿನಿಂದ ದೂರ ತಿರುಗಿ ಜೋರಾಗಿ ನಕ್ಕಳು. ಮತ್ತೆ ಫೋನಿಗೆ ಬಂದು, "ಜಾಯ್ಸ್, ನಾಳೆ ನಾನು ಬರುದಿಲ್ಲ. ರಜೆ ಹಾಕಿದ್ದೇನೆ" ಎಂದಳು.